ಎರಡು ಲಕ್ಷ ಅರವತ್ತೆರಡು ಸಾವಿರ ಬಣ್ಣ

ಈ ಕಥೆಯನ್ನು ನಾನು ಹಲವು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ, ಸೀರೆಯಿಂದ ಒಂದು ಎಳೆ ಕೊಡಲು ಟೀಚರಮ್ಮ ಒಪ್ಪಲಿಲ್ಲ ಎಂದೇ ಹೇಳಿದ್ದೇನೆ. ಅದು ಸುಳ್ಳು. ನಾನು ಅವರನ್ನು ಕೇಳಲೇ ಇಲ್ಲ. ಇದೊಂದನ್ನು ಮೊದಲೇ ಬರೆದಿಡುತ್ತೇನೆ. ಉಳಿದದ್ದರಲ್ಲಿ ಎಷ್ಟು ನಿಜ ಎಂಬ ಬಗ್ಗೆ ನನಗೂ ಅಷ್ಟು ಭರವಸೆಯಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ ಶೇಂಗಾ ಲಾರಿಗಳ ತೂಕ ಬರೆದುಕೊಳ್ಳುವ ಕೆಲಸ ನನ್ನದು. ಹೊಸ ಫೋನ್ ಕೊಂಡಿದ್ದೆ. ಬಸ್‌ಸ್ಟ್ಯಾಂಡ್ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯನ ಬಳಿ ಬೇರೆ ಕಂಪನಿಯದು ಇತ್ತು. ಮೇಲಕ್ಕೆ ಜಾರಿಸಿದರೆ ಬಟನ್‌ಗಳು ಕಾಣುವಂಥದ್ದು. ಸಂಜೆಯಾದರೆ ಅವನ ಗಾಜಿನ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳವಾಡುತ್ತಿದ್ದೆವು. ಡಬ್ಬದೊಳಗೆ ಬಂದ ಪುಸ್ತಕಗಳನ್ನು ನೋಡಿ ನಾನು ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ ಬರೆದಿದ್ದೆ. ಕ್ಯಾಮೆರಾ ನನ್ನದು ಎರಡು ಮೆಗಾಪಿಕ್ಸೆಲ್, ಅವನದು ಒಂದು ಪಾಯಿಂಟ್ ಮೂರು. ಬ್ಯಾಟರಿ ಅವನದೇ ಸ್ವಲ್ಪ ಹೆಚ್ಚು. ಸ್ಕ್ರೀನಿನಲ್ಲಿ ಬಣ್ಣ, ಅವನದಕ್ಕೆ ಅರವತ್ತೈದು ಸಾವಿರ, ನನ್ನದಕ್ಕೆ ಎರಡು ಲಕ್ಷ ಅರವತ್ತೆರಡು ಸಾವಿರ.

“ನಿಂದು ಪೇಪರ್ ಮ್ಯಾಲೆ ಮುಂದೈತೆ ಕಣಲೇ,” ಅಂದ ಗೆಳೆಯ. “ಯಾರಾನ ಫೋನ್ ಮಾಡಿದ್ರೆ ಒಂದು ಮಾತೂ ಕೇಳ್ಸಲ್ಲ. ಎರಡು ಲಕ್ಷ ಬಣ್ಣ ಇಟ್ಕೊಂಡು ಹಲೋ ಹಲೋ ಅಂತಿರ್ತೀಯ.”

“ಎರಡು ಲಕ್ಷದ ಅರವತ್ತೆರಡು ಸಾವಿರ.”

“ಅದ್ರಾಗೆ ಹತ್ತು ಹೆಸ್ರು ಹೇಳು ನೋಡಾನ.”

ಒಂಬತ್ತಕ್ಕೆ ನಿಂತೆ.

ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಭಾವ ರೇಷ್ಮೆ ಸೀರೆ ನೇಯುವವರು. ಸಾಹುಕಾರರು ಕೊಟ್ಟ ನೂಲನ್ನು, ಸಾಹುಕಾರರು ಆರಿಸಿದ ಬಣ್ಣದಲ್ಲಿ, ಕೂಲಿಗೆ ನೇಯುತ್ತಿದ್ದರು. ಒಂದು ಸೀರೆಯನ್ನಾದರೂ ಸ್ವಂತಕ್ಕೆ ನೇಯ್ದು, ಇದು ನನ್ನ ಕೈಯದು ಎಂದು ಒಬ್ಬರ ಮನೆಗೆ ಒಯ್ದು ಕೊಡಬೇಕು ಎಂಬುದು ಅವರ ಆಸೆ. ಆ ಗಿರಾಕಿಯನ್ನು ಹುಡುಕಿಕೊಟ್ಟವನು ನಾನೇ. ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದ ಟೀಚರಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ತಾವು ಧಾರೆಗೆ ಉಟ್ಟಿದ್ದ ಸೀರೆ ಮಡಿಕೆಯಲ್ಲಿ ಸೀಳಿಹೋಗಿತ್ತು; ಅದೇ ಬಣ್ಣದ್ದು ಮಗಳಿಗೂ ಬೇಕು ಎಂದರು. ಹಳೆಯ ಸೀರೆ ಮಾತ್ರ ಮನೆಯಿಂದಾಚೆ ಹೋಗಕೂಡದು. ಇದೊಂದು ಸರಿಬಂದರೆ ಬೀಗರಿಗೆ ಕೊಡುವ ಸೀರೆಗಳೂ ಭಾವನ ಕೈಯವೇ ಆಗಲಿ ಎಂದೂ ಹೇಳಿದರು.

ಭಾವನ ಮಗ್ಗದ ಮೇಲೆ ಸಾಹುಕಾರರ ಸೀರೆ ಅರ್ಧದಲ್ಲಿತ್ತು. ಬಿಟ್ಟು ಬರುವಂತಿರಲಿಲ್ಲ. ಅದು ಮುಗಿಯುವಷ್ಟರಲ್ಲಿ ಹೊಸದರ ನೂಲಿಗೆ ಬಣ್ಣ ಆಗಬೇಕಿತ್ತು. ನನಗೆ ಫೋನ್ ಮಾಡಿದರು.

“ಸೆರಗಿನ ತುದಿಯಿಂದ ಒಂದೆಳೆ ಇಸ್ಕೊಂಡು ಬಾರಪ್ಪ. ಬೆಂಕಿಪೊಟ್ಟಣದಾಗೆ ಇಟ್ಕ. ಜೇಬಿಗೆ ಹಾಕ್ಬ್ಯಾಡ, ಬೆವರು ಹತ್ತತೈತೆ.”

ಅವರ ಕಡೆ ಹಳೆಯ ಬಣ್ಣಕ್ಕೆ ಹೊಸ ಬಣ್ಣ ಹೊಂದಿಸುವುದು ಹಾಗೆಯೇ. ಎಳೆ ನೋಡದೆ ನೂಲನ್ನು ಬಣ್ಣಕ್ಕೆ ಹಾಕುವುದಿಲ್ಲ.

“ಎಳೆ ಯಾಕೆ ಭಾವ? ಫೋಟೊ ತರ್ತೀನಿ. ಎರಡು ಫೋನಿನಾಗೂ ತರ್ತೀನಿ.”

“ಸರೇ,” ಅಂದರು. ಗಡಿಯಾಚೆಯ ತೆಲುಗಿನ ಈ ಮಾತು ಅವರ ಬಾಯಲ್ಲಿ ಒಪ್ಪಿಗೆಗೂ ಬರುತ್ತಿತ್ತು, ಮಾತು ಸಾಕು ಎನ್ನುವುದಕ್ಕೂ ಬರುತ್ತಿತ್ತು.

ಎರಡು ಫೋನು ಯಾಕೆ? ಫೋಟೊಗೆ ಒಂದು ಸಾಕಿತ್ತು. ನನ್ನದು ಗೆಲ್ಲುವುದನ್ನು ನಾನು ನೋಡಬೇಕಿತ್ತು, ಅಷ್ಟೇ. ಗೀರು ಬಿದ್ದರೆ ನಿನ್ನದು ನನ್ನದಾಗುತ್ತದೆ ಎಂದು ಎಚ್ಚರಿಸಿ ಗೆಳೆಯ ಎರಡು ದಿನಕ್ಕೆ ತನ್ನದನ್ನು ಕೊಟ್ಟ.

ಟೀಚರಮ್ಮ ಮಂಚದ ಮೇಲೆ ಸೀರೆ ಹರಡಿದರು. “ಈರುಳ್ಳಿ ಸಿಪ್ಪೆ ಬಣ್ಣ ಕಣೋ. ಮ್ಯಾಲಿನ ಒಣಗಿದ ಸಿಪ್ಪೆ ಅಲ್ಲ, ಅದರ ಕೆಳಗಿಂದು.” ಟ್ಯೂಬ್‌ಲೈಟ್ ಉರಿಯುತ್ತಿತ್ತು ಎಂದು ನೆನಪು. ಆ ಹೊತ್ತಿನಲ್ಲಿ ಕರೆಂಟು ಇರುತ್ತಲೇ ಇರಲಿಲ್ಲ ಎಂಬುದೂ ನೆನಪು. ಇವೆರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಸೆರಗಿನ ತುದಿಯ ಎಳೆಗಳು ನನ್ನ ಮೊಣಕಾಲಿಗೆ ತಾಗುವಂತೆ ಮಂಚದಿಂದ ಇಳಿಬಿದ್ದಿದ್ದವು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಮರುದಿನ ಭಾನುವಾರ. ದಾರಿಯಲ್ಲಿ ಬಿ.ಜಿ. ಕೆರೆ ದಾಟುವವರೆಗೂ ಮೊಳಕಾಲ್ಮೂರಿನ ಬಸ್ಸಿನಲ್ಲಿ ಒಂದೊಂದು ಜೇಬಿನ ಮೇಲೆ ಒಂದೊಂದು ಕೈ ಇಟ್ಟು ನಿಂತಿದ್ದೆ. ಭಾವ ಮಗ್ಗದ ಗುಂಡಿಯಿಂದ ಎದ್ದು ಬಂದು ಬಾಗಿಲ ಹತ್ತಿರ ಕೂತರು. ಬಣ್ಣ ಹಾಕಿದ ಎಳೆಗಳನ್ನು ಮಾದರಿಗೆಂದು ಒಂದು ದಾರಕ್ಕೆ ಕಟ್ಟಿಟ್ಟ ಗಂಟು ಅವರ ಬಳಿ ಇತ್ತು, ಅದನ್ನು ಬಿಚ್ಚಿದರು. ಎರಡೂ ಫೋನುಗಳನ್ನು ಅವರ ಮುಂದೆ ಹಿಡಿದೆ. ನನ್ನದರಲ್ಲಿ ಸೀರೆ ಗುಲಾಬಿಗೆ ತಿರುಗಿತ್ತು, ಹೊಳೆಯುತ್ತಿತ್ತು. ಗೆಳೆಯನದರಲ್ಲಿ ಕಂದು ಬೆರೆತು ಮಬ್ಬಾಗಿತ್ತು.

“ಎರಡೂ ಒಂದೇ ಸೀರೆನಾ?”

“ಒಂದೇ ಭಾವ.”

“ಯಾವುದು ನಿಜ?”

ಸೀರೆಯನ್ನು ಹಿಂದಿನ ದಿನ ಕಣ್ಣಾರೆ ಕಂಡಿದ್ದವನು ಆ ಮನೆಯಲ್ಲಿ ನಾನೊಬ್ಬನೇ. ಅವರು ಕೇಳಿದ್ದು ನನ್ನ ಕಣ್ಣನ್ನು. ನಾನು ಜೇಬಿನಿಂದ ಹಾಳೆ ತೆಗೆದೆ.

“ಇದ್ರಾಗೆ ಎರಡು ಲಕ್ಷದ ಅರವತ್ತೆರಡು ಸಾವಿರ ಬಣ್ಣ ಅದಾವೆ. ಅದ್ರಾಗೆ ಬರೀ ಅರವತ್ತೈದು ಸಾವಿರ.”

ಅಕ್ಕ ನಕ್ಕಳು. “ನಿಮ್ಮ ಭಾವನ ಗಂಟಿನಾಗೆ ನಲವತ್ತು ಇದ್ರೆ ಹೆಚ್ಚು. ಅಷ್ಟ್ರಾಗೇ ಊರೂರಿಗೆ ಸೀರೆ ಉಡಿಸ್ಯಾರೆ.”

ಭಾವ ನಗಲಿಲ್ಲ. ನನ್ನ ಫೋನನ್ನು ಅಕ್ಕನ ಕೈಗೆ ಕೊಟ್ಟು, ಗಾಜಿಗೆ ಒಂದೊಂದೇ ಎಳೆ ಆನಿಸಿ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಫೋನಿನ ಬೆಳಕು ಆರುತ್ತಿತ್ತು. “ಒತ್ತು,” ಅನ್ನುವರು; ಅಕ್ಕ ಒಂದು ಬಟನ್ ಒತ್ತುವಳು. ಮತ್ತೆ ಆರುವುದು, ಮತ್ತೆ “ಒತ್ತು.” ಕಡೆಗೆ ಒಂದು ಎಳೆಗೆ ಗಂಟು ಹಾಕಿ ಬೇರೆ ಇಟ್ಟರು. ನೂಲಿಗೆ ಬಣ್ಣ ಹಾಕುವವರಿಗೆ ಹೋದದ್ದು ಆ ಎಳೆ.

ಸೀರೆ ಮುಗಿದಾಗ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ಚಳ್ಳಕೆರೆಗೆ ತಾವೇ ತಂದರು. ಟೀಚರಮ್ಮ ಬಿಡಿಸಿ ನೋಡಿದರು. ಒಳಗೆ ಹೋಗಿ ಹಳೆಯದನ್ನು ತಂದರು. ಎರಡನ್ನೂ ಬಾಗಿಲಿನ ಬಿಸಿಲಿಗೆ ಹಿಡಿದರು.

“ಚೆನ್ನಾಗಿ ನೇಯ್ದಿದೀಯಪ್ಪ,” ಅಂದರು ಕೊನೆಗೆ. “ಆದ್ರೆ ಇದು ಅದಲ್ಲ.”

ಹಳೆಯ ಸೀರೆಯನ್ನು ಭಾವ ನೋಡಿದ್ದು ಆಗಲೇ ಮೊದಲು. ಕೈ ಚಾಚಿದರು, ಮುಟ್ಟಲಿಲ್ಲ. “ಅಲ್ರಮ್ಮ. ಇದು ಅದಲ್ಲ.”

“ಒಂದೆಳೆ ಕೇಳಿದ್ರೆ ನಾನೇ ಕಿತ್ತು ಕೊಡ್ತಿದ್ನಲ್ಲ.”

ಭಾವ ನನ್ನ ಕಡೆ ನೋಡಲಿಲ್ಲ. ಹೊಸ ಸೀರೆಯನ್ನು ಅದರ ಮಡಿಕೆಗಳಲ್ಲೇ ಮಡಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿದರು.

ಇನ್ನೊಂದು ನೇಯುವಷ್ಟು ದಿನ ಉಳಿದಿರಲಿಲ್ಲ. ಮದುವೆಯ ಸೀರೆಗಳು ಬೇರೆ ಕಡೆಯಿಂದ ಬಂದವು. ಭಾವ ನೇಯ್ದದ್ದು ಸಾಹುಕಾರರ ಬೀರು ಸೇರಿತು. ಯಾರೋ ಇಷ್ಟಪಟ್ಟು ಕೊಂಡರಂತೆ. ಅವರಿಗೆ ಅದು ತಪ್ಪು ಬಣ್ಣವಾಗಿರಲಿಲ್ಲ. ಸ್ವಂತಕ್ಕೆಂದು ಭಾವ ಮತ್ತೆ ಮಗ್ಗ ಹೂಡಲಿಲ್ಲ.

ಟೀಚರಮ್ಮನ ಮನೆಯಿಂದ ಮರಳಿದ ದಿನ ಬಸ್ಸಿಗೆ ಕಾಯುವಾಗ ಅವರು ಒಂದು ಮಾತು ಹೇಳಿದ್ದರು. “ನಿನ್ನ ಗೆಳೆಯನ ಫೋನಿನಾಗಿಂದೇ ಹತ್ರ ಇತ್ತು. ನಂಗೆ ಅವತ್ತೇ ಅನ್ನಿಸ್ತು.”

“ಮತ್ತೆ ಹೇಳ್ಬಾರ್ದಿತ್ತಾ ಭಾವ?”

“ಹೇಳ್ದೆ. ನೀನು ಲೆಕ್ಕ ಹೇಳ್ದೆ.”

ಹೇಳಿದ್ದರೇ? ನನಗೆ ನೆನಪಿಲ್ಲ. ಅಕ್ಕನನ್ನು ಕೇಳಿದರೆ, ಇಲ್ಲ, ಅವರು ಅವತ್ತು ಆ ಬಗ್ಗೆ ತುಟಿ ಬಿಚ್ಚಲಿಲ್ಲ ಅನ್ನುತ್ತಾಳೆ. ಗೆಳೆಯನಂತೂ ತನ್ನ ಫೋನು ಮೊಳಕಾಲ್ಮೂರು ನೋಡಿಯೇ ಇಲ್ಲ ಎಂದು ವಾದಿಸುತ್ತಾನೆ. ಫೋನುಗಳೆರಡೂ ಕೆಟ್ಟು ಹೋಗಿವೆ, ಫೋಟೊಗಳೂ ಅವುಗಳ ಜೊತೆಗೇ ಹೋದವು. ಉಳಿದದ್ದು ಆ ಹಾಳೆ. ಸಂಖ್ಯೆಗಳೆಲ್ಲ ಸರಿಯಾಗಿವೆ. ಟೀಚರಮ್ಮನ ಸೀರೆ ಯಾವ ಬಣ್ಣ ಎಂದರೆ ಈರುಳ್ಳಿ ಸಿಪ್ಪೆ ಎಂದು ಈಗಲೂ ಬಾಯಿ ಹೇಳುತ್ತದೆ. ಕಣ್ಣಿಗೆ ಬರುವುದು ನನ್ನ ಫೋನಿನ ಗುಲಾಬಿ.

ಈಚೆಗೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಯಾರೋ ನೆಂಟರಿಗೆ ಈ ಕಥೆ ಹೇಳಿದೆ. ಟೀಚರಮ್ಮ ಎಳೆ ಕೊಡಲು ಒಪ್ಪಲಿಲ್ಲ ಎನ್ನುವ ಜಾಗ ಬಂತು. ಎದುರಿಗೇ ಭಾವ ಕೂತಿದ್ದಾರೆಂದು ಗೊತ್ತಿದ್ದೂ ಹಾಗೆಯೇ ಹೇಳಿದೆ. ನೆಂಟರು ಅವರ ಕಡೆ ತಿರುಗಿ, “ಹೌದಾ, ಒಂದೆಳೆನೂ ಕೊಡ್ಲಿಲ್ವಾ?” ಅಂದರು.

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಸರೇ,” ಅಂದರು.