ಇಸ್ತ್ರಿಯಮ್ಮನ ಉಗಿಬಂಡಿ

ನಮ್ಮ ಬೀದಿಯಲ್ಲಿ ನನ್ನ ಅತ್ತೆಯನ್ನು ಹೆಸರು ಹಿಡಿದು ಕರೆಯುವವರಿಲ್ಲ; ಎಲ್ಲರಿಗೂ ಅವರು ಇಸ್ತ್ರಿಯಮ್ಮ. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಉಗಿ ಇಸ್ತ್ರಿ ಯಂತ್ರದ ಮುಂದೆ ನಿಂತು ಹಾಸಿಗೆ ಬಟ್ಟೆ ಒತ್ತುತ್ತಲೇ ತಲೆ ನರೆಸಿಕೊಂಡವರು. ಕೆಲಸ ಬಿಡುವ ದಿನ ಜೊತೆಯವರು ಗೋಡೆ ಗಡಿಯಾರ ಕೊಡಲು ಹೊರಟರಂತೆ. "ಗಂಟೆ ನೋಡೋ ಕಾಲ ಮುಗೀತಲ್ಲ, ಇನ್ಯಾಕೆ ಗಡಿಯಾರ? ಕೊಡೋದಾದ್ರೆ ಒಂದು ರೈಲು ಇಂಜಿನ್ ಕೊಡಿ" ಎಂದರಂತೆ ಅತ್ತೆ. ಎಲ್ಲರೂ ನಕ್ಕರು, ಅತ್ತೆ ಮಾತ್ರ ನಗಲಿಲ್ಲ. ಚಿಕ್ಕಂದಿನಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಆಸೆ ಅದು.

ಕೊನೆಗೆ ಜೊತೆಯವರೇ ದುಡ್ಡು ಕೂಡಿಸಿ ತಂದುಕೊಟ್ಟ ಇಂಜಿನ್ ಒಂದು ಬೆಕ್ಕಿನಷ್ಟು ಉದ್ದ, ಆದರೆ ಆಟಿಕೆಯಲ್ಲ. ಬಾಯ್ಲರಿಗೆ ನೀರು ಹಾಕಬೇಕು, ಯಂತ್ರಕ್ಕೆ ಎಣ್ಣೆ ಬಿಡಬೇಕು, ಪುಟ್ಟ ತೊಟ್ಟಿಗೆ ಗ್ಯಾಸ್ ತುಂಬಬೇಕು, ಬಾಯ್ಲರಿನ ಹೊಟ್ಟೆಯಡಿ ನೀಲಿ ಉರಿ ಹಚ್ಚಬೇಕು. ನೀರು ಕುದಿದು, ಒತ್ತಡದ ಮುಳ್ಳು ಮೇಲೇರಿ, ನಿಜವಾದ ಉಗಿಯಿಂದಲೇ ಗಾಲಿ ತಿರುಗುತ್ತದೆ. ಮೊದಲು ಬರುವುದು ನೀರು ಬೆರೆತ ಹಸಿ ಉಗಿ, ಚಿಮಣಿಯಿಂದ ಎಣ್ಣೆ ಸಮೇತ ಸಿಡಿಯುತ್ತದೆ. ಬಿಳಿ ಬಟ್ಟೆಯನ್ನು ಜೋಪಾನ ಮಾಡಿ ರೂಢಿಯಾದ ಅತ್ತೆ, ಆ ಹೊತ್ತಿಗೆ ಸರಿಯಾಗಿ ಮಡಿಸಿದ ಹಳೇ ಟವೆಲ್ಲನ್ನು ಚಿಮಣಿಗೆ ಅಡ್ಡ ಹಿಡಿಯುತ್ತಾರೆ. ಮಗುವಿನ ಬಾಯಿ ಒರೆಸಿದ ಹಾಗೆ ಕಾಣುತ್ತದೆ.

ನಾನೋ, ಹಗ್ಗ ಕಂಡರೂ ಹಾವೆನ್ನುವ ಜಾತಿ. ಅಡುಗೆಮನೆಯ ಗ್ಯಾಸ್ ಆರಿಸಿದೆನೇ ಎಂದು ಬಸ್ ಸ್ಟಾಪಿನಿಂದ ವಾಪಸ್ ಬಂದು ನೋಡುವವಳು. ಮಗಳು ಹುಟ್ಟಿದ ಮೇಲಂತೂ ಕೇಳಲೇಬೇಡಿ. ಗ್ಯಾಸ್ ವಾಸನೆ ಬಂದರೆ ಮೊದಲು ಕಿಟಕಿ ತೆಗೆಯಿರಿ ಎಂದು ಶಾಲೆಯಲ್ಲಿ ಕಲಿಸಿದ್ದು ನನ್ನ ಮೂಳೆಗೆ ಇಳಿದಿದೆ. ಅತ್ತೆ ಇಂಜಿನ್ ಹೊರಗೆ ತೆಗೆದರೆ ನಾನು ಮಗುವನ್ನು ಕಂಕುಳಿಗೇರಿಸಿ ಬಾಗಿಲಾಚೆ ನಿಲ್ಲುತ್ತಿದ್ದೆ. ನಮ್ಮ ಮನೆಯವರು, ಅಮ್ಮ ಇಂಜಿನ್ನಿಗೆ ಡ್ರೈವರು, ನೀನು ಬ್ರೇಕು ಎಂದು ರೇಗಿಸುತ್ತಿದ್ದರು.

ಊರಿನಲ್ಲಿ ಪುಟ್ಟ ರೈಲುಗಳ ಒಂದು ಸಂಘವಿದೆ. ವರ್ಷಕ್ಕೊಮ್ಮೆ ಜನರ ಮುಂದೆ ಉಗಿಬಂಡಿ ಓಡಿಸುತ್ತಾರೆ. ಆದರೆ ಅಲ್ಲಿ ಓಡಿಸಬೇಕಾದರೆ ಮೊದಲು ಸಂಘದ ಪರೀಕ್ಷೆ ಗೆಲ್ಲಬೇಕು: ತಾನೇ ನೀರು, ಎಣ್ಣೆ, ಗ್ಯಾಸ್ ತುಂಬಿ, ಉರಿ ಹಚ್ಚಿ, ಗ್ಯಾಸ್ ಮುಗಿಯುವವರೆಗೂ ತಪ್ಪಿಲ್ಲದೆ ಓಡಿಸಬೇಕು. ಗೆದ್ದರೆ ಈ ಸಲ, ಸೋತರೆ ಮುಂದಿನ ವರ್ಷ. ಆ ಪ್ರದರ್ಶನದಲ್ಲಿ ತಮ್ಮ ಬಂಡಿಯೂ ಓಡಬೇಕೆಂದು ಅತ್ತೆ ದಿನಾ ಹಿತ್ತಿಲಲ್ಲಿ ಅಭ್ಯಾಸ ಮಾಡಿದ್ದರು.

ಪರೀಕ್ಷೆಯ ದಿನ ಮಗುವನ್ನು ಎತ್ತಿಕೊಂಡು ನಾನೂ ಹೋದೆ. ಸಭಾಂಗಣದ ಮೇಜುಗಳ ಮೇಲೆ ದುಂಡಗೆ ಹಳಿ ಹಾಸಿತ್ತು. ಪರೀಕ್ಷಕರು ಮೀಸೆ ಬಿಳುಪಾದ ಮೆಕ್ಯಾನಿಕ್ಕು. ಅತ್ತೆ ಏಪ್ರನ್ ಕಟ್ಟುವುದನ್ನು ನೋಡಿ, "ಅಮ್ಮಾ, ಇದು ಕುಕ್ಕರ್ ಅಲ್ಲ, ನೋಡ್ಕೊಳ್ಳಿ" ಎಂದರು.

"ಗೊತ್ತು. ಕುಕ್ಕರ್ ಆಗಿದ್ರೆ ಇಷ್ಟೊತ್ತಿಗೆ ಎಲ್ರೂ ಊಟಕ್ಕೆ ಕೂತಿರ್ತಿದ್ವಿ" ಎಂದರು ಅತ್ತೆ. ಮೆಕ್ಯಾನಿಕ್ಕಿನ ಮೀಸೆ ಸ್ವಲ್ಪ ಸಡಿಲವಾಯಿತು.

ಬಂಡಿ ಹೊರಟಿತು. ಹಿಂದೆ ರೈಲು ಡಬ್ಬಿಗಳು, ಪಕ್ಕದಲ್ಲೇ ಅತ್ತೆಯ ನಡಿಗೆ. ನಾಲ್ಕಾರು ಸುತ್ತು ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಅಷ್ಟರಲ್ಲಿ ನನ್ನ ಮೂಗಿಗೆ ಗ್ಯಾಸಿನ ವಾಸನೆ ಬಡಿದ ಹಾಗಾಯಿತು. ಬಡಿಯಿತೋ, ಭಯವೇ ಬಡಿಸಿತೋ, ದೇವರೇ ಬಲ್ಲ. ಯೋಚಿಸುವ ಮೊದಲೇ ಕೈ ಹೋಗಿ ಹಿಂದಿನ ದೊಡ್ಡ ಕಿಟಕಿ ತೆಗೆದುಬಿಟ್ಟಿತು. ಗಾಳಿ ಒಮ್ಮೆಲೇ ನುಗ್ಗಿತು.

ಬಂಡಿ ಮಾತ್ರ ನಿಲ್ಲದೆ ಓಡುತ್ತಲೇ ಇತ್ತು. ಎಲ್ಲರೂ ಗಾಲಿ ನೋಡುತ್ತಿದ್ದರು, ಅತ್ತೆ ಕಿವಿಗೊಟ್ಟು ನಡೆಯುತ್ತಿದ್ದರು. ಗಾಳಿಗೆ ಉರಿ ಆರಿ, ಅದರ ಭುರ್ರೆನ್ನುವ ಸದ್ದು ನಿಂತಿತ್ತು. ಬಂಡಿ ಒಳಗೆ ಉಳಿದ ಉಗಿಯಲ್ಲೇ ಓಡುತ್ತಿತ್ತು, ಉರಿಯದ ಗ್ಯಾಸ್ ಸುಮ್ಮನೆ ಹೊರಗೆ ಸೋರುತ್ತಿತ್ತು. ಯಾರಿಗೂ ಹೇಳದೆ ಇನ್ನೊಂದೆರಡು ಸುತ್ತು ಓಡಿಸಿ, ಗ್ಯಾಸ್ ಮುಗಿಯಿತು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಅತ್ತೆ ನಿಯಂತ್ರಣದ ಕಡ್ಡಿ ಹಿಡಿದು ಬಂಡಿ ನಿಲ್ಲಿಸಿದರು, ಗ್ಯಾಸಿನ ತಿರುಪು ಮುಚ್ಚಿದರು.

"ಉರಿ ಆರಿದೆ. ಯಾರೂ ಹತ್ತಿರ ಬರಬೇಡಿ. ಕಿಟಕಿ ಸ್ವಲ್ಪ ಹೊತ್ತು ಹಾಗೇ ಇರಲಿ."

ನಿಂತ ಓಟ ಸೋತ ಓಟ ಎಂದು ಯಾರೋ ಗೊಣಗಿದರು. ಪರೀಕ್ಷಕರ ಕಣ್ಣು ನನ್ನ ಮೇಲೆ ಬಿತ್ತು. ನೆಲ ಬಾಯಿ ಬಿಟ್ಟರೆ ಮಗು ಸಮೇತ ಇಳಿದುಬಿಡುತ್ತಿದ್ದೆ.

"ನಮ್ಮ ಸೊಸೆ" ಎಂದರು ಅತ್ತೆ, ಟವೆಲ್ ಬೀಸಿ ಗಾಳಿ ಹಾಕುತ್ತಾ. "ಗ್ಯಾಸ್ ಅಂದ್ರೆ ಕಿಟಕಿ ತೆಗೀತಾಳೆ. ಬುದ್ಧಿ ಸರಿಯಾಗೇ ಇದೆ, ಹೊತ್ತು ಮಾತ್ರ ಎಡವಟ್ಟು. ನಾನು ಮೊದಲಿಂದ ಓಡಿಸ್ತೀನಿ, ನೀವು ಕಾಯೋದಾದ್ರೆ."

ಪರೀಕ್ಷಕರು ಕುರ್ಚಿ ಎಳೆದುಕೊಂಡು ಕೂತರು. "ಆರಿದ ಉರಿ ಕಂಡೂ ಓಡಿಸಿದ್ರೆ ಸೋಲಿಸ್ತಿದ್ದೆ. ನಿಲ್ಲಿಸಿದ್ದಕ್ಕೆ ಯಾಕೆ ಸೋಲಿಸಲಿ? ಕಾಯ್ತೀನಿ."

ಬಿಸಿ ಬಾಯ್ಲರಿಗೆ ನೀರು ತುಂಬುವ ಹಾಗಿಲ್ಲ, ಕಾದ ತೊಟ್ಟಿಗೆ ಗ್ಯಾಸ್ ಹಾಕುವ ಹಾಗೂ ಇಲ್ಲ. ಎಲ್ಲ ತಣ್ಣಗಾಗುವವರೆಗೆ ಅತ್ತೆ ಏನು ಮಾಡಿದರು ಗೊತ್ತೇ? ಅಲ್ಲಿ ಬಿದ್ದಿದ್ದ ಮೇಜಿನ ಬಟ್ಟೆಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟರು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿ, ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಎರಡನೇ ಸಲ ಮತ್ತೆ ನೀರು, ಎಣ್ಣೆ, ಗ್ಯಾಸ್, ಉರಿ, ಹಸಿ ಉಗಿಗೆ ಟವೆಲ್. ಬಂಡಿ ಸುತ್ತಿತು, ಸುತ್ತಿತು, ಗ್ಯಾಸ್ ತೀರಿ ಸದ್ದು ತಾನಾಗಿ ಸಣ್ಣಗಾಗುವವರೆಗೂ ಸುತ್ತಿತು. ಬಾಯ್ಲರಿನಲ್ಲಿ ಇನ್ನೂ ನೀರು ಉಳಿದಿದೆಯೇ ಎಂದು ನೋಡಿ ಪರೀಕ್ಷಕರು ತಲೆಯಾಡಿಸಿದರು. ಅತ್ತೆಯ ಕೈ ಹಿಡಿದು ಕುಲುಕಿದರು.

ಪ್ರದರ್ಶನದ ದಿನ ಜನ ಕಿಕ್ಕಿರಿದಿದ್ದರು. ಯಾರೋ, ಆ ಬಂಡಿ ಓಡಿಸುವ ಹೆಂಗಸು ಯಾರು ಎಂದರು. ಬಾಗಿಲಾಚೆ ನಿಲ್ಲುವ ನಾನು ಆ ದಿನ ಮಗಳನ್ನು ಎತ್ತಿಕೊಂಡು ಹಳಿಯ ಪಕ್ಕದಲ್ಲೇ, ಉಗಿ ಮುಖಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದೆ.

"ನಮ್ಮತ್ತೆ" ಎಂದೆ. ಕೇಳದಿದ್ದವರಿಗೂ ಕೇಳುವ ಹಾಗೆ.