ರಬ್ಬರು ಮೂಸುತ್ತಿದ್ದ ಮೇಸ್ತ್ರಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆಯುತ್ತಿತ್ತು. ರಬ್ಬರಿನ ಯಾವ ತುಂಡು ಕೈಗೆ ಬಂದರೂ ಆ ಉಗುರನ್ನು ಒತ್ತಿ, ಬಿದ್ದ ಗುರುತು ಎಷ್ಟು ಹೊತ್ತಿಗೆ ಮಾಯುತ್ತದೆಂದು ನೋಡುವರು. ಆಮೇಲೆ ಕಣ್ಣು ಮುಚ್ಚಿ ಮೂಸುವರು, ಎಳೆ ಮಗುವಿನ ನೆತ್ತಿ ಮೂಸುವ ಅಜ್ಜನ ಹಾಗೆ. ಮೊದಲ ಸಲ ನೋಡಿದಾಗ ಇವರಿಗೆ ತಲೆ ಸರಿಯಿಲ್ಲ ಅಂದುಕೊಂಡೆ.

ಪ್ರವಾಹ ಬಂದಾಗ ಜನರನ್ನು ಎತ್ತಿ ತರುವ ಮೋಟಾರು ದೋಣಿಗಳು ಯಮುನೆಯ ದಂಡೆಯ ತಗಡಿನ ಶೆಡ್ಡಿನಲ್ಲಿದ್ದವು. ಅವಕ್ಕೆ ಇವರು ಮೇಸ್ತ್ರಿ. ನಿವೃತ್ತರಾದ ಮೇಲೂ ವರ್ಷ ವರ್ಷ ಕರಾರು ನವೀಕರಿಸಿಕೊಂಡು ದುಡಿಯುತ್ತಿದ್ದರು. ಊರು ಕುಂದಾಪುರದ ಕಡೆ. ಭಾವನ ಹೋಟೆಲಿನಲ್ಲಿ ದೋಸೆ ಹುಯ್ಯಲೆಂದು ಘಾಜಿಯಾಬಾದಿಗೆ ಬಂದವರು ನೀರಿನ ಆಸೆ ತಡೆಯಲಾರದೆ ನದಿಗೆ ಹೋಗಿ ಸೇರಿಕೊಂಡಿದ್ದರು. ನಾನು ಅದೇ ಇಲಾಖೆಯ ಸ್ಟೋರಿನ ಗುಮಾಸ್ತೆ. ಮೈಸೂರಿನವಳು, ಮನೆ ದಿಲ್ಲಿಯ ದ್ವಾರಕಾದಲ್ಲಿ. ದೋಣಿ ಎಂದರೆ ಕೆರೆಯಲ್ಲಿ ತುಳಿಯುವ ಪೆಡಲ್ ಬೋಟು ಎಂದಷ್ಟೇ ಗೊತ್ತಿದ್ದವಳು.

ಒಂದು ಚಳಿಗಾಲ, ಪ್ರೊಪೆಲ್ಲರುಗಳಿಗೆ ಹೊಸ ಹಬ್ ಆರಿಸುವ ಫೈಲು ನನ್ನ ಮೇಜಿಗೆ ಬಂತು. ಬಂಡಿಚಕ್ರಕ್ಕೆ ಗುಂಬ ಇರುವ ಹಾಗೆ ಪ್ರೊಪೆಲ್ಲರಿಗೆ ಹಬ್. ಎಂಜಿನ್ನಿನ ತಿರುಗುವ ದಂಡ ರೆಕ್ಕೆಗಳನ್ನು ಹಿಡಿಯುವುದು ಅದರ ಮೂಲಕವೇ. ಲೋಹದ್ದು, ಗಟ್ಟಿ ಪ್ಲಾಸ್ಟಿಕ್ಕಿನದು, ರಬ್ಬರಿನದು ಎಂದು ಮೂರು ಮಾದರಿ ಬಂದಿದ್ದವು. ನಾನು ಕಣ್ಣು ಮುಚ್ಚಿ ಲೋಹದ್ದಕ್ಕೆ ಟಿಕ್ ಹಾಕಿದೆ. ಗಟ್ಟಿಯಾದದ್ದನ್ನು ಕೊಂಡವರನ್ನು ಸರಕಾರದಲ್ಲಿ ಯಾರೂ ಬಯ್ಯುವುದಿಲ್ಲ.

“ಮೇಡಂ, ಫೈಲು ಅಲ್ಲೇ ಇರಲಿ. ಚಲೋ, ದೋಣಿ ಹತ್ತಿ,” ಎಂದರು ಮೇಸ್ತ್ರಿ.

ಆ ಬೆಳಗನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಮಂಜು ಎಷ್ಟು ದಟ್ಟವಿತ್ತೆಂದರೆ ನದಿಗೆ ದಡವೇ ಇರಲಿಲ್ಲ. ಬಿಳಿ ಹಕ್ಕಿಗಳು ಎಲ್ಲಿಂದಲೋ ಮೂಡಿ ಎಲ್ಲಿಗೋ ಕರಗುತ್ತಿದ್ದವು. ತಲೆಯ ಮೇಲೆ ಮೆಟ್ರೋ ಹೋದದ್ದು ಕೇಳಿಸಿತು, ಕಾಣಲಿಲ್ಲ. ನಿದ್ದೆಯಲ್ಲೇ ತೇಲುತ್ತಿದ್ದೇನೋ ಎನ್ನುವಷ್ಟರಲ್ಲಿ ಅವರು ಬೇಕೆಂದೇ, ನೀರಲ್ಲಿ ಮುಳುಗಿದ್ದ ದಿಮ್ಮಿಗೆ ಪ್ರೊಪೆಲ್ಲರು ತಾಗಿಸಿದರು. ಧಡ್ ಎಂದಿತು. ಎಂಜಿನ್ ಕಿರುಚಿತು, ದೋಣಿ ಮಾತ್ರ ಮುಂದೆ ಹೋಗಲೊಲ್ಲದು. ನಾನು ಎರಡು ಕೈಯಲ್ಲೂ ಅಂಚು ಹಿಡಿದುಕೊಂಡೆ.

“ಹೆದರಬೇಡಿ ಮಾರಾಯ್ರೆ, ರಬ್ಬರು ಜಾರಿತು, ಅಷ್ಟೆ. ಲೋಹದ್ದಾದ್ರೆ ಒಳಗಿನ ಗೇರು ಪುಡಿ ಆಗ್ತಿತ್ತು. ಪ್ಲಾಸ್ಟಿಕ್ಕಾದ್ರೆ ತುಂಡಾಗಿ ಇಲ್ಲೇ ಕೂತುಬಿಡ್ತಿತ್ತು. ಇದು ಹಾಗಲ್ಲ, ನಿಧಾನ ಹೋಗುವ ಅಂದ್ರೆ ಮನೆ ಮುಟ್ಟಿಸ್ತದೆ.”

ಎಂಜಿನ್ನಿನ ವೇಗ ತಗ್ಗಿಸಿದರು. ದೋಣಿ ಮಂಜಿನೊಳಗೆ ತೆವಳುತ್ತಾ ಹೊರಟಿತು. ಅಂದೇ ಲೋಹದ್ದಕ್ಕೆ ಹಾಕಿದ್ದ ಟಿಕ್ ಹೊಡೆದುಹಾಕಿ ರಬ್ಬರಿನದಕ್ಕೆ ಬರೆದೆ, ಅಂದಿನಿಂದ ನಾನು ಅವರಿಗೆ ಮೇಡಂ ಹೋಗಿ ತಂಗಿಯಾದೆ. ಹಬ್ ಹಾಕಿದಾಗಲೆಲ್ಲ ಅವರು ಹೆಂಡತಿಯ ಕೆಂಪು ಉಗುರುಬಣ್ಣದಿಂದ ಹಬ್ಬಿಗೂ ಪ್ರೊಪೆಲ್ಲರಿಗೂ ಅಡ್ಡವಾಗಿ ಒಂದು ಗೆರೆ ಎಳೆಯುವರು. ಗೆರೆ ತುಂಡಾಗಿದ್ದರೆ ರಬ್ಬರು ಜಾರಿದೆ ಎಂದರ್ಥ. “ಬಣ್ಣ ಮುಗೀತು ಅಂತ ಇವಳು ಬೈತಾಳೆ,” ಎಂದು ನಗುವರು.

ಅಷ್ಟೆಲ್ಲ ಕಲಿಸಿದ್ದರೂ ನಾನು ಗುಮಾಸ್ತೆಯೇ. ಸ್ಟೋರಿನಲ್ಲಿ ಒಂದು ನಿಯಮವಿದೆ: ಹಳೆಯ ದಾಸ್ತಾನು ಮುಗಿಯದೆ ಹೊಸ ಪೆಟ್ಟಿಗೆ ಒಡೆಯುವಂತಿಲ್ಲ. ಹಿಂದೆ ಯಾರೋ ತರಿಸಿದ್ದ ಆರು ರಬ್ಬರ್ ಹಬ್‌ಗಳು ಮೂಲೆಯಲ್ಲಿ ಉಳಿದಿದ್ದವು. ದಿಲ್ಲಿಯ ಬೇಸಿಗೆಯಲ್ಲಿ, ಕಾದ ತಗಡಿನ ಕೆಳಗೆ, ಎಷ್ಟು ವರ್ಷವೋ. ಮಳೆಗಾಲಕ್ಕೆ ಮುಂಚೆ ನಾನು ಅವನ್ನೇ ಎತ್ತಿಕೊಟ್ಟೆ.

ಅವರು ಉಗುರು ಒತ್ತಿದರು, ಮೂಸಿದರು. “ಇದರ ಜೀವ ಹೋಗಿದೆ ತಂಗಿ. ಹೊಸದು ಕೊಡಿ.”

“ಇವು ಖರ್ಚಾಗಲಿ, ಆಮೇಲೆ ಕೊಡ್ತೀನಿ. ಆಡಿಟ್‌ನೋರು ಸುಮ್ನೆ ಬಿಡ್ತಾರಾ?”

“ಅಚ್ಛಾ,” ಎಂದು ಆರನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಅವರ ಬೆನ್ನು ನೋಡುತ್ತಾ ನಾನು ರಿಜಿಸ್ಟರಿನಲ್ಲಿ ಸಹಿ ಮಾಡಿದೆ.

ಆ ವರ್ಷ ಯಮುನೆ ರಸ್ತೆಗೇ ಬಂತು. ಗುಡಿಸಲುಗಳ ಮಾಡಿನ ಮೇಲಿದ್ದ ಒಂಬತ್ತು ಜನರನ್ನು ಹತ್ತಿಸಿಕೊಂಡು ಬರುವಾಗ, ಏನೂ ತಾಗದೆಯೇ ಅವರ ದೋಣಿಯ ಹಬ್ ಜಾರಿತು. ಒಣಗಿದ ರಬ್ಬರು ಬಿರುಕುಬಿಟ್ಟಿತ್ತು. ಸೆಳೆತ ಸೇತುವೆಯ ಕಂಬಗಳತ್ತ ಎಳೆಯುತ್ತಿತ್ತು. ಅವರು ವೇಗ ತೀರಾ ತಗ್ಗಿಸಿ, ಉಳಿದಿದ್ದ ಚೂರು ಹಿಡಿತದಲ್ಲೇ ದೋಣಿಯನ್ನು ಓರೆಯಾಗಿ ನಡೆಸಿ, ನೀರಲ್ಲಿ ನಿಂತಿದ್ದ ಜಾಲಿ ಮರದ ಕೊಂಬೆ ತಬ್ಬಿಕೊಂಡರು. ಇನ್ನೊಂದು ದೋಣಿ ಬರುವ ತನಕ ಬಿಡಲಿಲ್ಲ. ಒಂಬತ್ತು ಜನರೂ ದಡ ಸೇರಿದರು. ಮೇಸ್ತ್ರಿಯವರ ಎದೆ, ತೋಳು ಪೂರ್ತಿ ಮುಳ್ಳು.

ವಿಚಾರಣೆ ನಡೆಯಿತು. ಈ ಮಾಲು ಸರಿಯಿದೆ ಎಂದವರು ಯಾರು, ಎಂದು ಸಾಹೇಬರು ಕೇಳಿದರು. ನನ್ನ ಬಡ್ತಿ ಬಾಗಿಲಲ್ಲಿ ನಿಂತಿತ್ತು. ಮುಂದಿದ್ದ ರಿಜಿಸ್ಟರಿನ ಹಾಳೆ ತಿರುವಿದೆ.

“ನೋಡಿ ಸರಿಯಿದೆ ಅಂದದ್ದು ನಾನೇ ಸಾಬ್. ಮೈನೇ ದೇಖಾ ಥಾ,” ಎಂದರು ಮೇಸ್ತ್ರಿ. ನನ್ನ ಕಡೆ ನೋಡಲೇ ಇಲ್ಲ.

ಅವರ ಕರಾರು ನವೀಕರಣವಾಗಲಿಲ್ಲ. ನನಗೆ ಬಡ್ತಿ ಸಿಕ್ಕಿತು. ಅವರು ಭಾವನ ಹೋಟೆಲಿನ ಹಿಂಬದಿಯಲ್ಲಿ ಗ್ರೈಂಡರುಗಳನ್ನು ರಿಪೇರಿ ಮಾಡುತ್ತಾ ಕೂತರು. ನಾನು ಹೋದಾಗಲೆಲ್ಲ ನದಿಯ ನೀರು ಎಲ್ಲಿಯವರೆಗೆ ಬಂದಿದೆ ಎಂದು ಕೇಳುವರು, ಬೇರೇನೂ ಕೇಳುತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಪ್ರತಿ ಸಲವೂ ಹೋಗುತ್ತಿದ್ದೆ, ಕಾಫಿ ಕುಡಿದು ಬರುತ್ತಿದ್ದೆ.

ಕಳೆದ ಚಳಿಗಾಲ ಅವರು ತೀರಿಕೊಂಡರು. ಹನ್ನೆರಡನೆಯ ದಿನ, ಊಟದ ಗದ್ದಲ ಮುಗಿದ ಮೇಲೆ, ನಾನು ಅಕ್ಕ ಎಂದು ಕರೆಯುತ್ತಿದ್ದ ಅವರ ಹೆಂಡತಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ.

“ನನಗೆ ಗೊತ್ತುಂಟು,” ಎಂದರು ಅಕ್ಕ. “ಆ ಮಳೆಗಾಲದ ಮುಂಚೆಯೇ ಹೇಳಿದ್ರು. ಉಳಿದ ಐದು ದೋಣಿಗೆ ಇದ್ದದ್ದರಲ್ಲಿ ಒಳ್ಳೇದು ಹಾಕಿದೆ, ತೀರಾ ಕೆಟ್ಟದ್ದನ್ನು ನನ್ನದಕ್ಕೆ ಹಾಕಿಕೊಂಡೆ, ಅದನ್ನು ಬೇರೆಯವರಿಗೆ ಕೊಟ್ಟರೆ ಹೇಗೆ ಅಂತ. ನಿಮ್ಮ ಮೇಲೆ ಸಿಟ್ಟು ಇರಲಿಲ್ಲ.”

ಸೋಮವಾರ ಆಫೀಸಿನಲ್ಲಿ ಆ ವಿಚಾರಣೆಯ ಹಳೆಯ ಫೈಲು ತರಿಸಿದೆ. ಮುಚ್ಚಿದ ಫೈಲಿನಲ್ಲಿ ಬರೆಯುವ ಹಾಗಿಲ್ಲ ಎಂದು ದಾಖಲೆ ವಿಭಾಗದವರು ಅಂದರು. ಆದರೂ ಕೊನೆಯ ಹಾಳೆಯಲ್ಲಿ ಬರೆದೆ: ಮಾಲು ಕೆಟ್ಟಿದೆ ಎಂದು ಮೇಸ್ತ್ರಿ ಹೇಳಿದ್ದರು, ಕೊಟ್ಟವಳು ನಾನು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿ, ಸಾಹೇಬರ ಮೇಜಿನ ಮೇಲಿಟ್ಟು ಬಂದೆ.