ವಾರಗಿತ್ತಿ ಕಟ್ಟಿದ ಸರದಿ ಪುಟ

ನನ್ನ ವಾರಗಿತ್ತಿ ಈ ಮನೆಗೆ ಬಂದಾಗ ಅವಳಿಗೆ ಕಂಪ್ಯೂಟರಿನಲ್ಲಿ ಬರುತ್ತಿದ್ದದ್ದು ಪತ್ರ ಟೈಪ್ ಮಾಡುವುದು ಮಾತ್ರ. ಎಷ್ಟೋ ದಿನ ನಾನು ಇದನ್ನೇ ನನಗೆ ನಾನೇ ಹೇಳಿಕೊಂಡು ಸಮಾಧಾನ ಪಟ್ಟಿದ್ದೇನೆ.

ನಾನು ತುರುವೇಕೆರೆಯವಳು. ಎಂಸಿಎ ಮುಗಿಸಿ ಬಿಳಿಗೆರೆಯ ಈ ಮನೆಗೆ ಹಿರಿಯ ಸೊಸೆಯಾಗಿ ಬಂದೆ. ತಿಪಟೂರಿನಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ನಾಲ್ಕು ಜನ ಕೂರುವ ಆಫೀಸಿನಲ್ಲಿ ನನಗೆ ಕೆಲಸ. ಶಾಲೆಗಳಿಗೆ ಹಾಜರಿ, ನರ್ಸಿಂಗ್ ಹೋಮುಗಳಿಗೆ ಟೋಕನ್, ಇಂಥವಕ್ಕೆ ವೆಬ್ ಅಪ್ಲಿಕೇಶನ್ ಬರೆದು ಕ್ಲೌಡಿಗೆ ಏರಿಸಿಕೊಡುತ್ತೇವೆ. ಕ್ಲೌಡ್ ಎಂದರೆ ಬೇರೆಲ್ಲೋ ಇರುವ, ನಾವು ಬಾಡಿಗೆಗೆ ಹಿಡಿಯುವ ಯಂತ್ರಗಳು ಎಂದು ಅತ್ತೆಗೆ ಎಷ್ಟು ಸಲ ಹೇಳಿದರೂ, ಬಂದವರ ಮುಂದೆ ಅವರು "ನಮ್ಮ ದೊಡ್ಡ ಸೊಸೆ ಕಂಪ್ಯೂಟ್ರು ರಿಪೇರಿ ಮಾಡ್ತಾಳೆ" ಎಂದೇ ಹೇಳುತ್ತಿದ್ದರು. ನಾನು ತಿದ್ದಲು ಹೋಗುತ್ತಿರಲಿಲ್ಲ. ಮನೆಯಲ್ಲಿ ಆ ವಿದ್ಯೆ ನನ್ನೊಬ್ಬಳದು ಎನ್ನುವುದೇ ಸಾಕಾಗಿತ್ತು.

ವಾರಗಿತ್ತಿ ಹುಳಿಯಾರು ಕಡೆಯ ಒಂದು ಹಟ್ಟಿಯವಳು. ಅಪ್ಪ ಕುರಿ ಸಾಕುತ್ತಾರೆ, ಅಣ್ಣ ತೆಂಗಿನ ಮರ ಹತ್ತುತ್ತಾನೆ. ಅವಳು ಚಿಕ್ಕನಾಯಕನಹಳ್ಳಿಯಲ್ಲಿ ಬಿಕಾಂ ಓದಿದ್ದಳು. ಮದುವೆಯಾದ ಮರುವರ್ಷ ಒಂದು ಮಧ್ಯಾಹ್ನ ಬಂದು, "ಅಕ್ಕ, ನೀವ್ ಮಾಡೋ ಕೆಲಸ ನಂಗೂ ಕಲಿಸ್ತೀರಾ?" ಎಂದಳು. ನನ್ನ ಹಳೆಯ ಲ್ಯಾಪ್‌ಟಾಪನ್ನೂ ಅದರೊಳಗಿದ್ದ ನನ್ನ ಹಳೆಯ ಕೋಡನ್ನೂ ಅವಳ ಕೈಗೆ ಕೊಟ್ಟೆ. ಎರಡು ವಾರಕ್ಕೆ ಬೇಸರ ಬಂದು ತಾನೇ ಬಿಡುತ್ತಾಳೆ ಎಂದುಕೊಂಡೇ ಕೊಟ್ಟದ್ದು.

ಆ ಕೋಡಿನಲ್ಲಿ ನಾನು ಸ್ವಂತ ಆಸೆಯಿಂದ ಕಟ್ಟಿ ಕೈಬಿಟ್ಟ ಒಂದು ಅಪ್ಲಿಕೇಶನ್ ಇತ್ತು. ನಮ್ಮ ಕಡೆ ತೆಂಗಿನ ತೋಟವಿರುವ ಮನೆಗಳಲ್ಲಿ ಕಾಯಿ ಕೀಳುವವರನ್ನು ಹುಡುಕುವುದೇ ಒಂದು ತಾಪತ್ರಯ. ಇರುವ ಕೆಲವೇ ಜನರನ್ನು ಎಲ್ಲರೂ ಕರೆಯುತ್ತಾರೆ, ಅವರು ಎಲ್ಲರಿಗೂ "ನಾಳಿಕ್ ಬತ್ತೀನಿ" ಎನ್ನುತ್ತಾರೆ. ತೋಟದವರು ದಿನ ಕೇಳಿದರೆ ಕೀಳುವವರ ಫೋನಿಗೆ ಸೂಚನೆ ಹೋಗಬೇಕು, ಅವರು ಹತ್ತು ನಿಮಿಷದೊಳಗೆ ಒಪ್ಪಬೇಕು, ಹಾಗೆ ಕಟ್ಟಿದ್ದೆ. ಲಾಗಿನ್, ಓಟಿಪಿ, ನಕ್ಷೆ ಎಲ್ಲ ಇತ್ತು. ಒಂದು ತಂತ್ರಾಂಶ ಇನ್ನೊಂದನ್ನು ಕೇಳಿ ಉತ್ತರ ತರಿಸಿಕೊಳ್ಳುವ ಕಿಂಡಿಗೆ ಎಪಿಐ ಎನ್ನುತ್ತೇವೆ; ಅಂಥ ಕಿಂಡಿಗಳು ಅದರಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಆಫೀಸಿನಲ್ಲಿ ಹೊಗಳಿದರು. ತೋಟದಲ್ಲಿ ಯಾರೂ ಬಳಸಲಿಲ್ಲ. ಜನಕ್ಕೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಹೇಳಿ ನಿಲ್ಲಿಸಿಬಿಟ್ಟೆ.

ವಾರಗಿತ್ತಿ ಬೇಸರಪಡಲಿಲ್ಲ. ಫೋನಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡು, ನಿಲ್ಲಿಸಿ, ಬರೆದು, ಕೆಡಿಸಿ, ಮತ್ತೆ ಬರೆದಳು. ಒಂದು ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೇಳಿದಳು.

"ಅಕ್ಕ, ಮರದ ಮ್ಯಾಲಿರೋನು ಹತ್ತು ನಿಮಿಷದಾಗೆ ಹೆಂಗೆ ಒಪ್ತಾನೆ? ನಮ್ಮಣ್ಣ ಮರ ಹತ್ತೋವಾಗ ಅಂಗಿ ಬಿಚ್ಚಿ ಕೆಳಗೆ ನೇತಾಕ್ತಾನೆ, ಫೋನು ಅಂಗಿ ಜೇಬ್ನಾಗೆ ಇರ್ತದೆ. ಯಾವತ್ತು ಎಲ್ಲಿಗೆ ಹೋಗ್ಬೇಕು ಅಂತ ಹೇಳೋದು ನಮ್ಮತ್ತಿಗೆ. ಹಟ್ಟೀಲಿ ಎಲ್ಲಾ ಮನೇಲೂ ಹಂಗೇಯ."

"ಅದೆಲ್ಲ ಸಿಸ್ಟಮ್ಮಿಗೆ ತರೋಕೆ ಆಗಲ್ಲ ಕಣೇ," ಎಂದೆ.

ಅವಳು ತಂದಳು. ಒಂದೇ ಒಂದು ಪುಟ. ತೋಟದವರು ಊರು, ದಿನ ಬರೆದು ಸರದಿ ಹಿಡಿಯಬೇಕು. ಕೀಳುವವರ ಮನೆಯ ಹೆಂಗಸರು ಅದನ್ನು ನೋಡಿ ತಮ್ಮವರನ್ನು ಯಾವ ತೋಟಕ್ಕೆ ಕಳಿಸುತ್ತೇವೆಂದು ಗುರುತು ಹಾಕಬೇಕು. ಲಾಗಿನ್ ಇಲ್ಲ, ನಕ್ಷೆ ಇಲ್ಲ. ನೋಡಲು ಕಿರಾಣಿ ಅಂಗಡಿಯ ಚೀಟಿಯ ಹಾಗಿತ್ತು. ಅವಳೇ ಅದನ್ನು ಕ್ಲೌಡಿಗೆ ಏರಿಸಿ, ಅತ್ತಿಗೆಗೂ ಅಕ್ಕಪಕ್ಕದ ಹಟ್ಟಿಯ ಹೆಂಗಸರಿಗೂ ತೋರಿಸಿಕೊಟ್ಟು ಬಂದಳು. ಕೆಲವೇ ತಿಂಗಳಲ್ಲಿ ಬಿಳಿಗೆರೆ, ಕಿಬ್ಬನಹಳ್ಳಿ ಸುತ್ತಿನ ತೋಟದವರು "ಪುಟದಾಗೆ ಹಾಕಿದ್ದೀಯಾ?" ಎಂದು ಒಬ್ಬರನ್ನೊಬ್ಬರು ಕೇಳುವ ಹಾಗಾಯಿತು.

ನನ್ನ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಮರ್ಯಾದೆಯ ಮಾತು ಹುಡುಕಿದ್ದೇನೆ, ಸಿಕ್ಕಿಲ್ಲ. ಆಫೀಸಿನಲ್ಲಿ ಕೆಲಸದ ನಡುವೆ ಅವಳ ಪುಟ ತೆರೆದು ತಪ್ಪು ಹುಡುಕುತ್ತಿದ್ದೆ. "ತೆಂಗಿನಕಾಯಿ"ಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿರುವುದು ಕಂಡ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ಖುಷಿಯಾಗಿದ್ದೆ. ಮರುದಿನ ನೋಡಿದರೆ ಯಾರೋ ಹೇಳಿ ಸರಿಯಾಗಿತ್ತು. ಅತ್ತೆ ಈಗ ಬಂದವರಿಗೆ, "ದೊಡ್ಡೋಳು ಆಫೀಸ್ಗೆ ಹೋಗ್ತಾಳೆ, ಕಂಪ್ಯೂಟ್ರು ಎಲ್ಲಾ ಚಿಕ್ಕೋಳೇ ನೋಡ್ಕಳೋದು," ಎನ್ನುತ್ತಿದ್ದರು. ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದರೂ ನಾನು ಈಗಲೂ ತಿದ್ದಲಿಲ್ಲ. ಆ ಮೌನ ಮಾತ್ರ ಮೊದಲಿನದಾಗಿರಲಿಲ್ಲ.

ಅಲ್ಲಿಯವರೆಗೂ ಅವಳು ಸರದಿಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುವ, ಎಕ್ಸೆಲ್‌ನಂಥ ಒಂದು ಉಚಿತ ಹಾಳೆಯಲ್ಲಿ ಕೂಡಿಡುತ್ತಿದ್ದಳು. ಜನ ಹೆಚ್ಚಾದ ಮೇಲೆ ಪುಟ ತೆರೆಯುವುದು ನಿಧಾನವಾಯಿತು. ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತಳು.

"ಅಕ್ಕ, ಹಾಳೆ ಬುಟ್ಟು ಬೇರೆ ಥರ ಮಾಡಿವ್ನಿ. ಏರಿಸೋಕ್ ಮುಂಚೆ ಒಂದ್ಸಲ ನೋಡಿ. ನಂಗೆ ಧೈರ್ಯ ಇಲ್ಲ."

ನೋಡಿದೆ. ಅಪ್ಲಿಕೇಶನ್ ಓಡುವ ಯಂತ್ರದೊಳಗೇ ಒಂದು ಫೈಲು ಮಾಡಿ ಎಲ್ಲ ಸರದಿಗಳನ್ನೂ ಅದರಲ್ಲಿ ಇಟ್ಟಿದ್ದಳು. ಅವಳು ಬಳಸುತ್ತಿದ್ದಂಥ ಕ್ಲೌಡಿನಲ್ಲಿ ಹೊಸ ಕೋಡು ಏರಿಸಿದಾಗಲೆಲ್ಲ ಹಳೆಯ ಯಂತ್ರವನ್ನು ಎಸೆದು ಹೊಸದನ್ನು ಎಬ್ಬಿಸುತ್ತಾರೆ. ಎಸೆದದ್ದರ ಒಳಗಿದ್ದದ್ದೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ಡೇಟಾವನ್ನು ಹೊರಗೆ ಬೇರೆ ಕಡೆ ಇಡುವುದು. ಈ ಸಲ ಏರಿಸಿದಾಗ ಏನೂ ಆಗುವುದಿಲ್ಲ, ಮುಂದಿನ ಸಲ ಏರಿಸಿದಾಗ ಎಲ್ಲ ಅಳಿಸಿಹೋಗುತ್ತದೆ ಎಂದು ನನಗೆ ಅದನ್ನು ಓದಿದ ಕ್ಷಣವೇ ಗೊತ್ತಾಯಿತು.

"ಚೆನ್ನಾಗೈತೆ," ಎಂದೆ. "ಏರಿಸು."

ಅವಳ ಮುಖ ಅರಳಿತು. "ನೀವ್ ನೋಡಿದ್ಮೇಲೆ ಭಯ ಇಲ್ಲ ಬುಡಿ," ಎಂದಳು.

ಹೇಳಲು ನನಗೆ ಒಂದು ಪೂರ್ತಿ ವಾರವಿತ್ತು. ದಿನಾ ಜೊತೆಯಲ್ಲಿ ಉಂಡೆವು, ಜೊತೆಯಲ್ಲಿ ಪಾತ್ರೆ ತೊಳೆದೆವು. ಪುಟ ಬೇಗ ತೆರೆಯುತ್ತದೆ ಎಂದು ಜನ ಹೊಗಳಿದರು. ಪ್ರತಿ ಹೊಗಳಿಕೆಗೂ ನನ್ನ ಬಾಯಿ ಇನ್ನಷ್ಟು ಬಿಗಿಯಾಯಿತು. ವಾರ ಕಳೆದು ಮಂಗಳವಾರ ಅವಳು ಸರದಿ ರದ್ದು ಮಾಡುವ ಒಂದು ಬಟನ್ ಸೇರಿಸಿ ಮತ್ತೆ ಏರಿಸಿದಳು.

ಬುಧವಾರ ಬೆಳಗ್ಗೆ ಪಕ್ಕದ ಊರಿನ ಹಿರಿಯರೊಬ್ಬರು ನಮ್ಮ ಜಗಲಿಗೆ ಬಂದು ನಿಂತರು. "ಏನವ್ವಾ, ಟ್ರ್ಯಾಕ್ಟರ್ ಕರ್ಸಿವ್ನಿ, ಸುಲಿಯೋರ್ನ ಕರ್ಸಿವ್ನಿ, ಕಾಯಿ ಕೀಳೋರೇ ಬಂದಿಲ್ಲ. ನಿನ್ ಪುಟದಾಗೆ ಏನೂ ಇಲ್ವಂತಲ್ಲ," ಎಂದರು. ಅವಳು ಫೋನು ತೆರೆದು ನೋಡಿದಳು. ಪುಟ ಖಾಲಿ. ಹಟ್ಟಿಯ ಹೆಂಗಸರು ಕೆಲಸವಿಲ್ಲ ಎಂದುಕೊಂಡು, ಯಾರು ಮೊದಲು ಫೋನು ಮಾಡಿದರೋ ಅವರಲ್ಲಿಗೆ ಗಂಡಂದಿರನ್ನು ಕಳಿಸಿದ್ದರು.

ಅವಳು ಅಳಲಿಲ್ಲ. ಜಗಲಿಯ ಮೇಲೆ ಕೂತು ಒಬ್ಬೊಬ್ಬರಿಗೇ ಫೋನು ಮಾಡಿ, ತಪ್ಪು ತನ್ನದು ಎಂದು ಹೇಳಿ, ಯಾರ ಸರದಿ ಯಾವತ್ತಿತ್ತು ಎಂದು ಕೇಳಿ ಬರೆದುಕೊಳ್ಳತೊಡಗಿದಳು. ನಾನು ಚಪ್ಪಲಿ ಮೆಟ್ಟಿ, ಅವಳನ್ನು ದಾಟಿ ಆಫೀಸಿಗೆ ಹೋದೆ. ನಾನು ಮಾಡಿದ್ದರಲ್ಲಿ ಅತಿ ಕೆಟ್ಟದ್ದು ಆ ನಡಿಗೆಯೇ ಇರಬೇಕು. ಮಧ್ಯಾಹ್ನಕ್ಕೆ ತಡೆಯಲಾರದೆ ತಲೆನೋವೆಂದು ರಜೆ ಹೇಳಿ ವಾಪಸು ಬಂದೆ.

ಅವಳು ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ತೆರೆದಿದ್ದದ್ದು ನನ್ನ ಹಳೆಯ ಕೋಡು. ಕಾರಣ ಹುಡುಕುತ್ತಾ ಅಲ್ಲಿಗೆ ಹೋಗಿದ್ದಳು. ಅದರಲ್ಲಿ ವರ್ಷಗಳ ಹಿಂದೆ ನಾನೇ ನನಗಾಗಿ ಬರೆದುಕೊಂಡ ಟಿಪ್ಪಣಿಯೊಂದಿತ್ತು: ಡೇಟಾ ಇಲ್ಲಿ ಇಡಬೇಡ, ಮತ್ತೆ ಏರಿಸಿದರೆ ಎಲ್ಲ ಹೋಗುತ್ತದೆ.

"ಇದು ನೀವ್ ಬರ್ದಿರೋದು ಅಲ್ವಾ ಅಕ್ಕ?"

"ಹೌದು."

"ಮರ್ತಿದ್ರಾ?"

ತಪ್ಪಿಸಿಕೊಳ್ಳುವ ದಾರಿಯನ್ನು ಅವಳೇ ತೋರಿಸಿಕೊಟ್ಟಿದ್ದಳು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ಇಲ್ಲ," ಎಂದೆ. "ಗೊತ್ತಿತ್ತು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಅನ್ನಕ್ಕಿಡ್ತೀನಿ," ಎಂದು ಒಳಗೆ ಹೋದಳು.

ಸಾಯಂಕಾಲ ಅತ್ತೆ ಅವಳನ್ನು ಬೈದರು. "ಊರೋರ ಮುಂದೆ ಮಾನ ಹೋಯ್ತು. ದೊಡ್ಡೋಳ್ನ ಒಂದ್ ಮಾತು ಕೇಳಿ ಮಾಡಿದ್ರೆ ಹಿಂಗಾಗ್ತಿತ್ತಾ?" ಅವಳು ತಲೆ ಎತ್ತದೆ ಸೊಪ್ಪು ಬಿಡಿಸುತ್ತಿದ್ದಳು. ನಾನೇ ಹೇಳಿದೆ: "ಕೇಳಿದ್ಳು ಅತ್ತೆ. ನನಗೆ ತಪ್ಪು ಗೊತ್ತಾಗಿತ್ತು, ನಾನೇ ಹೇಳಲಿಲ್ಲ."

ಅತ್ತೆ ನನ್ನನ್ನು ನೋಡಿ ತಲೆಯಾಡಿಸಿದರು. "ಅವ್ಳ ತಪ್ಪ ನಿನ್ ಮ್ಯಾಲೆ ಹಾಕ್ಕಬೇಡ ಕಣವ್ವ. ನಿನ್ ಮನಸ್ಸು ಒಳ್ಳೇದು, ಅದಕ್ಕೇ ಹಿಂಗಂತೀಯ," ಎಂದರು. ಮತ್ತೊಮ್ಮೆ ಹೇಳಿದೆ. ಅವರು ನಂಬಲೇ ಇಲ್ಲ. ಅಷ್ಟು ದಿನ ನಾನು ಬಯಸಿದ್ದ ಹೊಗಳಿಕೆ ಆಗ ಸಿಕ್ಕಿತು, ಅದೂ ಅವಳ ಎದುರಿಗೇ.

ಡೇಟಾವನ್ನು ಹೊರಗಿಡುವ ಕೆಲಸ ನಾನು ಮಾಡಿಕೊಡುತ್ತೇನೆ ಎಂದೆ. "ಬೇಡಕ್ಕ, ನಾನೇ ನೋಡ್ಕತೀನಿ," ಎಂದಳು. ಎರಡೇ ದಿನದಲ್ಲಿ ನೋಡಿಕೊಂಡಳು ಕೂಡ. ಬೇರೆ ಡೇಟಾಬೇಸ್ ಎಬ್ಬಿಸಿ, ದಿನಾ ಅದರ ನಕಲು ತೆಗೆದಿಡುವ ವ್ಯವಸ್ಥೆಯನ್ನೂ ಮಾಡಿದಳು. ನಕಲಿನ ವಿಷಯ ನನಗೂ ಹೊಳೆದಿರಲಿಲ್ಲ. ಅದನ್ನು ಕಂಡಾಗ ಪಶ್ಚಾತ್ತಾಪದ ನಡುವೆಯೇ ಮತ್ತೆ ಹೊಟ್ಟೆಯುರಿ ಎದ್ದಿತು. ಒಂದು ಬಂದರೆ ಇನ್ನೊಂದು ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ.

ಆಮೇಲೆ ಅವಳು ನನ್ನೊಂದಿಗೆ ಮಾತು ಬಿಡಲಿಲ್ಲ. ಉಪ್ಪು ಸಾಕಾ, ಗ್ಯಾಸ್ ಬಂತಾ, ಎಲ್ಲ ಕೇಳುತ್ತಿದ್ದಳು. ಕೋಡಿನ ಬಗ್ಗೆ ಮಾತ್ರ ಏನೂ ಕೇಳಲಿಲ್ಲ. ಅವಳು ಲ್ಯಾಪ್‌ಟಾಪ್ ಹಿಡಿದು ನನ್ನನ್ನು ದಾಟಿ ಹಿತ್ತಲಿಗೆ ಹೋಗುವಾಗ, ಅವಳು ಬಂದು ನನ್ನನ್ನು ಕೇಳುವುದು ಎಷ್ಟು ಇಷ್ಟವಾಗಿತ್ತು ಎಂದು ನನಗೆ ಗೊತ್ತಾಯಿತು.

ಕಳೆದ ತಿಂಗಳು ತುರುವೇಕೆರೆಯ ರೈತರ ಗುಂಪೊಂದು ತಮ್ಮ ಕಡೆಗೂ ಆ ಪುಟ ಬೇಕೆಂದು ಅವಳನ್ನು ಕರೆಯಿತು. ಮೈದುನನಿಗೆ ಬಿಡುವಿರಲಿಲ್ಲ. ನನ್ನ ತವರೂರಾದ್ದರಿಂದ ನಾನು ಜೊತೆಗೆ ಹೋದೆ. ಸಣ್ಣ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು. ಮುಂದಿನ ಸಾಲಿನಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಕೂತಿದ್ದರು. ಅವರು ಅವಳನ್ನು, "ಇದನ್ನೆಲ್ಲ ಯಾರ ಹತ್ರ ಕಲಿತ್ಯಮ್ಮ?" ಎಂದು ಕೇಳಿದರು.

"ಅರ್ಧ ನಮ್ಮಕ್ಕನ ಹತ್ರ ಸಾರ್," ಎಂದು ನನ್ನ ಕಡೆ ಕೈ ತೋರಿಸಿದಳು. "ಇನ್ನರ್ಧ ಕೆಡಿಸ್ಕಂಡು ಕಲ್ತೆ."

ಎಲ್ಲರೂ ನಕ್ಕರು. ಮೇಷ್ಟ್ರು ನನ್ನತ್ತ ತಿರುಗಿ ಮೆಚ್ಚುಗೆಯಿಂದ ತಲೆದೂಗಿದರು. ಅವಳು ನಗಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ, "ಯಾಕಕ್ಕ, ಮಾತೇ ಇಲ್ಲ?" ಎಂದು ಕೇಳಿದಳು.

"ಹೊಟ್ಟೆಕಿಚ್ಚು ಕಣೇ," ಎಂದೆ. "ಆವತ್ತೂ ಅದೇ, ಇವತ್ತೂ ಅದೇ."

"ಅದು ಗೊತ್ತು ಬುಡಿ," ಎಂದಳು. "ನಂಗೂ ಇತ್ತು ಅಕ್ಕ. ನೀವ್ ದಿನಾ ಬ್ಯಾಗ್ ಹಾಕ್ಕಂಡು ಬಸ್ ಹತ್ತಿ ಹೋಗೋದ ನೋಡಿನೇ ನಾನು ಕಲೀಬೇಕು ಅಂದ್ಕಂಡಿದ್ದು."

ತಿಪಟೂರಿನ ಬಸ್ಸು ಬಂತು. ಒಂದೇ ಸೀಟು ಖಾಲಿ ಇತ್ತು. ಅವಳು ನನ್ನನ್ನು ಕೂರಿಸಿ, ಲ್ಯಾಪ್‌ಟಾಪಿನ ಬ್ಯಾಗನ್ನು ನನ್ನ ಮಡಿಲಲ್ಲಿಟ್ಟು, ಕಂಬಿ ಹಿಡಿದು ನಿಂತಳು.